ಧರಣಿ ಡೇರೆಯಿಂದ ಸರ್ಕಾರಿ ಕಡತಕ್ಕೆ

1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಜನ ಸೇರಿದ್ದರು. ಪಂಚಾಯಿತಿ ಕಾಮಗಾರಿಯ ಕೂಲಿ ಹಾಜರಿ ಪಟ್ಟಿಯಾದ ಮಸ್ಟರ್ ರೋಲನ್ನು ಅವರ ಮುಂದೆ ಗಟ್ಟಿಯಾಗಿ ಓದಲಾಯಿತು. ಯಾರ ಹೆಸರಿಗೆ ಎಷ್ಟು ದಿನದ ಕೂಲಿ ಬರೆದಿದೆ, ಅವರು ಅಷ್ಟು ದಿನ ಕೆಲಸಕ್ಕೆ ಹೋಗಿದ್ದರೇ ಎಂಬುದಕ್ಕೆ ಊರಿನವರೇ ಸಾಕ್ಷಿ. ಈ ಜನಸುನವಾಯಿ, ಅಂದರೆ ಬಹಿರಂಗ ವಿಚಾರಣೆ, ನಡೆಸಿದ್ದು 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಅರುಣಾ ರಾಯ್ 1968ರಲ್ಲಿ ಐಎಎಸ್ ಸೇರಿ, ಕೆಲವೇ ವರ್ಷಗಳಲ್ಲಿ ಬಿಟ್ಟು ಬಂದವರು. ಆ ದಿನ ಮಸ್ಟರ್ ರೋಲ್ ಓದುವುದೇ ಸರ್ಕಾರಕ್ಕೆ ಎದುರು ನಿಂತ ಕೆಲಸವಾಗಿತ್ತು. ದಾಖಲೆಯ ನಕಲು ಕೇಳುವ ಹಕ್ಕೇ ಜನರಿಗಿರಲಿಲ್ಲ.

ಹದಿನೈದು ವರ್ಷ ಕಳೆದ ಮೇಲೆ, 2009ರಲ್ಲಿ, ಇದೇ ಓದುವ ಕೆಲಸಕ್ಕೆಂದು ಆಂಧ್ರಪ್ರದೇಶ ಸರ್ಕಾರ ಒಂದು ಸೊಸೈಟಿಯನ್ನು ನೋಂದಾಯಿಸಿತು. ಅದರ ನಿರ್ದೇಶಕಿಯಾಗಿ ಬಂದ ಸೌಮ್ಯಾ ಕಿಡಂಬಿ ಅದೇ ಸಂಘಟನೆಯಲ್ಲಿ ಪಳಗಿದವರು. ಡೇರೆಯೊಳಗೆ ಕಲಿತ ವಿದ್ಯೆ ಕಚೇರಿಯ ಕೆಲಸವಾಯಿತು. ಅದಕ್ಕೆ ಸಂಬಳ, ವಾಹನ, ಸಿಬ್ಬಂದಿ, ಸುತ್ತೋಲೆ ಎಲ್ಲವೂ ಬಂದವು.

ಹೀಗೆ ಚಳವಳಿಯಿಂದ ಸರ್ಕಾರದ ಒಳಗೆ ಹೋದವರ ಬಗ್ಗೆ ನಡೆಯುವ ಚರ್ಚೆ ಹೆಚ್ಚಾಗಿ ಅವರ ಪ್ರಾಮಾಣಿಕತೆಯ ಸುತ್ತ ಸುತ್ತುತ್ತದೆ. ಮಾರಿಹೋದರೇ, ಇಲ್ಲವೇ? ನಮ್ಮ ಅನಿಸಿಕೆಯಲ್ಲಿ ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಅವರನ್ನು ನೇಮಿಸಿದ್ದು ಕಾಯ್ದೆಯೋ ಒಬ್ಬರ ಮರ್ಜಿಯೋ, ದುಡ್ಡು ಯಾರ ಖಾತೆಯಿಂದ ಬರುತ್ತದೆ, ಅವರು ಬರೆದಿಟ್ಟದ್ದರ ಮೇಲೆ ಕ್ರಮ ಕೈಗೊಳ್ಳುವ ಸಹಿ ಯಾರದು ಎಂಬ ಮೂರನ್ನು ಕೇಳಿದರೆ ಪ್ರಜಾಪ್ರಭುತ್ವಕ್ಕೆ ಲಾಭವಾಯಿತೋ ನಷ್ಟವಾಯಿತೋ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಮೊದಲು ದೆಹಲಿಯ ಕಥೆ. 2004ರ ಜೂನ್‌ನಲ್ಲಿ ಯುಪಿಎ ಸರ್ಕಾರ ಸೋನಿಯಾ ಗಾಂಧಿ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಸಲಹಾ ಮಂಡಳಿ ರಚಿಸಿತು. ಅರುಣಾ ರಾಯ್, ಅರ್ಥಶಾಸ್ತ್ರಜ್ಞ ಜ್ಯಾನ್ ಡ್ರೇಜ್ ಅದರ ಸದಸ್ಯರಾದರು. ಮಂಡಳಿ ಆರಂಭದ ತಿಂಗಳುಗಳಲ್ಲೇ ಮಾಹಿತಿ ಹಕ್ಕು ಮತ್ತು ಉದ್ಯೋಗ ಖಾತ್ರಿ, ಎರಡರ ಕರಡನ್ನೂ ಸರ್ಕಾರಕ್ಕೆ ಕಳಿಸಿತು. ಆದರೆ ಆ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಬಂದ ಮಸೂದೆಗಳು ಬೇರೆಯೇ ಆಗಿದ್ದವು. ಮಾಹಿತಿ ಹಕ್ಕು ಮಸೂದೆ ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ತಾಲ್ಲೂಕು ಕಚೇರಿ, ಪಂಚಾಯಿತಿ, ಪೊಲೀಸ್ ಠಾಣೆ ಎಲ್ಲವೂ ಅದರ ಹೊರಗೆ. ಉದ್ಯೋಗ ಖಾತ್ರಿ ಮಸೂದೆ ಬಡ ಕುಟುಂಬಗಳಿಗೆ ಸೀಮಿತವಾಗಿತ್ತು, ಬೇಕೆಂದಾಗ ಹಿಂಪಡೆಯುವ ದಾರಿಯೂ ಅದರಲ್ಲಿತ್ತು.

ಅಲ್ಲಿಂದ ಮುಂದಿನ ಎಂಟು ತಿಂಗಳಲ್ಲಿ ಒಳಗಿನವರು ಟಿಪ್ಪಣಿ ಬರೆದರು, ಹೊರಗಿನವರು ಬೀದಿಗಿಳಿದರು. 2005ರ ಬೇಸಿಗೆಯಲ್ಲಿ ಉದ್ಯೋಗದ ಹಕ್ಕಿಗಾಗಿ 50 ದಿನಗಳ ಬಸ್ ಯಾತ್ರೆ ಹಲವು ರಾಜ್ಯಗಳನ್ನು ಸುತ್ತಿತು. ಸಂಸದೀಯ ಸ್ಥಾಯಿ ಸಮಿತಿ, ಎಡಪಕ್ಷಗಳ ಒತ್ತಡ, ಯಾತ್ರೆ, ಮಂಡಳಿ ಎಲ್ಲವೂ ಒಟ್ಟಾಗಿ ಕೆಲಸ ಮಾಡಿದ್ದರಿಂದ ಕೊನೆಗೆ ಬಂದ ಕಾಯ್ದೆಗಳು ಗಟ್ಟಿಯಾದವು. ಮಾಹಿತಿ ಹಕ್ಕು ರಾಜ್ಯಗಳಿಗೂ ವಿಸ್ತರಿಸಿ 2005ರ ಅಕ್ಟೋಬರ್ 12ರಂದು ಜಾರಿಯಾಯಿತು. ಉದ್ಯೋಗ ಖಾತ್ರಿ 2006ರ ಫೆಬ್ರುವರಿ 2ರಂದು 200 ಜಿಲ್ಲೆಗಳಲ್ಲಿ ಶುರುವಾಯಿತು. ಕೈಕೆಲಸಕ್ಕೆ ಮುಂದೆ ಬರುವ ಯಾವ ಗ್ರಾಮೀಣ ಕುಟುಂಬಕ್ಕೂ ವರ್ಷಕ್ಕೆ 100 ದಿನ.

ಮಂಡಳಿಯ ಮೇಲಿನ ಟೀಕೆಯಲ್ಲಿ ಹುರುಳಿತ್ತು. ಅದು ಸಂಸತ್ತಿಗೆ ಉತ್ತರ ಹೇಳಬೇಕಿರಲಿಲ್ಲ. ಸದಸ್ಯರ ಆಯ್ಕೆಗೆ ಜಾಹೀರಾತೂ ಇಲ್ಲ, ಮಾನದಂಡವೂ ಇಲ್ಲ. ಒಬ್ಬ ನಾಯಕಿಯ ವಿಶ್ವಾಸವೇ ಅದರ ಬುನಾದಿ. ಆ ನಾಯಕಿ 2006ರಲ್ಲಿ ‘ಲಾಭದಾಯಕ ಹುದ್ದೆ’ (ಸಂಸದರು ಹೊಂದಬಾರದ ಸರ್ಕಾರಿ ಹುದ್ದೆ) ವಿವಾದದಿಂದ ಹೊರಬಂದಾಗ ಮಂಡಳಿ ಕಳೆಗುಂದಿತು, 2010ರಲ್ಲಿ ಮತ್ತೆ ಜೀವ ಬಂತು, 2014ರಲ್ಲಿ ಸರ್ಕಾರ ಬದಲಾದಾಗ ಇಲ್ಲವಾಯಿತು. ಆದರೆ ಮಂಡಳಿಯಿಂದ ಹೊರಟ ಮಸೂದೆ ಸ್ಥಾಯಿ ಸಮಿತಿ, ಎರಡೂ ಸದನ, ರಾಷ್ಟ್ರಪತಿ ಅಂಕಿತ ಎಂಬ ಎಲ್ಲ ಮೆಟ್ಟಿಲನ್ನೂ ಹತ್ತಿಯೇ ಕಾಯ್ದೆಯಾಯಿತು ಎಂಬುದನ್ನೂ ಹೇಳಬೇಕು. ಕೈಗಾರಿಕೋದ್ಯಮಿಗಳ ಸಲಹಾ ಸಮಿತಿಗಳು ದೆಹಲಿಯಲ್ಲಿ ಯಾವತ್ತೂ ಇದ್ದವು, ಅವಕ್ಕೂ ಯಾರೂ ಓಟು ಹಾಕಿರಲಿಲ್ಲ. ಕೂಲಿಕಾರರ ಪರವಾಗಿ ಮಾತಾಡುವವರು ಆ ಕೊಠಡಿಗೆ ಬಂದಾಗ ಮಾತ್ರ ‘ಚುನಾಯಿತರಲ್ಲ’ ಎಂಬ ಆಕ್ಷೇಪ ಅಷ್ಟು ಜೋರಾಗಿ ಎದ್ದಿದ್ದು ನಮಗೆ ನ್ಯಾಯವೆನಿಸುವುದಿಲ್ಲ.

ಸಲಹೆಗಾರರಿಗೆ ಇದ್ದ ಬಲ ಎಷ್ಟು ಎಂಬುದು ಕೂಲಿ ದರದ ವಿಷಯದಲ್ಲಿ ಬಯಲಾಯಿತು. ಇದರಲ್ಲಿ ಕರ್ನಾಟಕಕ್ಕೆ ನೇರ ಪಾತ್ರವಿದೆ. ಉದ್ಯೋಗ ಖಾತ್ರಿ ಕಾಯ್ದೆಯ 6(1)ನೇ ಕಲಮು ಕನಿಷ್ಠ ವೇತನ ಕಾಯ್ದೆಯನ್ನು ಬದಿಗಿಟ್ಟು ಪ್ರತ್ಯೇಕ ಕೂಲಿ ದರ ಗೊತ್ತುಮಾಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತಿತ್ತು. ಅದನ್ನು ಬಳಸಿ 2009ರ ಜನವರಿ 1ರಂದು ಕೇಂದ್ರ ಅಧಿಸೂಚನೆ ಹೊರಡಿಸಿತು. ಆಮೇಲೆ ಹಲವು ರಾಜ್ಯಗಳಲ್ಲಿ ಖಾತ್ರಿ ಕೂಲಿ ಕೃಷಿ ಕಾರ್ಮಿಕರ ಕನಿಷ್ಠ ಕೂಲಿಗಿಂತ ಕೆಳಗೆ ಬಿತ್ತು. ಕನಿಷ್ಠ ವೇತನ ಕೊಡಿ ಎಂದು ಮಂಡಳಿ 2010ರಲ್ಲಿ ಶಿಫಾರಸು ಮಾಡಿತು. ಸರ್ಕಾರ ಒಪ್ಪಲಿಲ್ಲ. ಬೆಲೆ ಸೂಚ್ಯಂಕಕ್ಕೆ ಕೂಲಿಯನ್ನು ಜೋಡಿಸಿ ಅಲ್ಲಿಗೆ ಕೈತೊಳೆದುಕೊಂಡಿತು. 2011ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಕೇಂದ್ರ ಅದನ್ನು ಜಾರಿ ಮಾಡುವ ಬದಲು ಸುಪ್ರೀಂ ಕೋರ್ಟಿಗೆ ಹೋಯಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಡಲಿಲ್ಲ, ಆದರೂ ಕೇಂದ್ರದ ನಿಲುವು ಬದಲಾಗಲಿಲ್ಲ. 2013ರ ಮೇನಲ್ಲಿ ಅರುಣಾ ರಾಯ್ ತಮ್ಮನ್ನು ಇನ್ನೊಂದು ಅವಧಿಗೆ ಪರಿಗಣಿಸಬೇಡಿ ಎಂದು ಪತ್ರ ಬರೆದು ಹೊರನಡೆದರು. ಕನಿಷ್ಠ ವೇತನ ನಿರಾಕರಿಸಿ ಕರ್ನಾಟಕ ಹೈಕೋರ್ಟ್ ತೀರ್ಪಿನ ವಿರುದ್ಧ ಮೇಲ್ಮನವಿ ಹೋದದ್ದನ್ನು ಆ ಪತ್ರದಲ್ಲೇ ಅವರು ಎತ್ತಿದ್ದರು. ಜ್ಯಾನ್ ಡ್ರೇಜ್ ಅದಕ್ಕೂ ಎರಡು ವರ್ಷ ಮೊದಲು, ಆಹಾರ ಭದ್ರತೆ ಕರಡಿನ ಭಿನ್ನಮತದ ನಂತರ ಮಂಡಳಿ ಬಿಟ್ಟಿದ್ದರು. ಕಾಯ್ದೆ ಮಾಡಿಸುವಾಗ ಬೇಕಾಗಿದ್ದವರು ದುಡ್ಡು ಬಿಚ್ಚುವ ಹೊತ್ತಿಗೆ ಬೇಡವಾದರು.

ಈಗ ಹಳ್ಳಿಗೆ ಬರೋಣ. ಚಳವಳಿಯ ನಿಜವಾದ ಜಯ 6ನೇ ಕಲಮಿನಲ್ಲಿ ಇರಲಿಲ್ಲ, 17ನೇ ಕಲಮಿನಲ್ಲಿ ಇತ್ತು. ಕಾಮಗಾರಿಯ ಮೇಲೆ ಗ್ರಾಮ ಸಭೆ ನಿಗಾ ಇಡಬೇಕು, ನಿಯಮಿತವಾಗಿ ಸಾಮಾಜಿಕ ಪರಿಶೋಧನೆ (ಜನರೇ ಲೆಕ್ಕವನ್ನು ಬಹಿರಂಗವಾಗಿ ಪರಿಶೀಲಿಸುವುದು) ನಡೆಸಬೇಕು, ಮಸ್ಟರ್ ರೋಲ್, ಬಿಲ್ಲು, ವೋಚರ್, ಅಳತೆ ಪುಸ್ತಕ, ಮಂಜೂರಾತಿ ಆದೇಶ ಎಲ್ಲವನ್ನೂ ಪಂಚಾಯಿತಿ ಒದಗಿಸಬೇಕು ಎಂದು ಅದು ಹೇಳಿತು. ಕೋಟ್ ಕಿರಾನಾದಲ್ಲಿ ಜಗಳವಾಡಿ ಪಡೆದದ್ದು ಕಾಯ್ದೆಯ ಭಾಷೆಗೆ ಬಂತು. 2011ರ ಜೂನ್‌ನಲ್ಲಿ ಮಹಾಲೇಖಪಾಲರೊಂದಿಗೆ ಸಮಾಲೋಚಿಸಿ ಹೊರಡಿಸಿದ ನಿಯಮಗಳು ಇದಕ್ಕೆ ಮೂಳೆ ಮಾಂಸ ಕೊಟ್ಟವು. ಆರು ತಿಂಗಳಿಗೊಮ್ಮೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಪರಿಶೋಧನೆ, ರಾಜ್ಯಕ್ಕೊಂದು ಸ್ವತಂತ್ರ ಘಟಕ, ದಾಖಲೆಗಳು 15 ದಿನ ಮೊದಲೇ ಅದರ ಕೈಗೆ. ಆಮೇಲೆ ಇದರ ಖರ್ಚಿಗೆ ಯೋಜನಾ ವೆಚ್ಚದ ಶೇ 0.5ರವರೆಗೆ ಹಣವೂ ಗೊತ್ತಾಯಿತು.

ಕೆಲಸ ನಡೆಯುವ ರೀತಿ ಹೀಗೆ. ಪರಿಶೋಧನಾ ತಂಡ ಮೊದಲು ದಾಖಲೆ ತರಿಸಿಕೊಳ್ಳುತ್ತದೆ. ಕೂಲಿಕಾರರ ಮನೆಗಳಿಂದಲೇ ಬಂದ, ಓದು ಬರಹ ಬಲ್ಲ ಯುವಕ ಯುವತಿಯರಿಗೆ ಎರಡು ಮೂರು ದಿನ ತರಬೇತಿ ಕೊಡುತ್ತಾರೆ. ಕರ್ನಾಟಕದಲ್ಲಿ ಇವರನ್ನು ಗ್ರಾಮ ಸಂಪನ್ಮೂಲ ವ್ಯಕ್ತಿ ಎನ್ನುತ್ತಾರೆ. ಯಾರನ್ನೂ ಅವರದೇ ಪಂಚಾಯಿತಿಗೆ ಹಾಕುವುದಿಲ್ಲ. ದಾಯಾದಿ ಜಗಳ, ಜಾತಿ, ಸಾಲದ ಹಂಗು ಲೆಕ್ಕಕ್ಕೆ ಅಡ್ಡ ಬರಬಾರದೆಂಬ ಎಚ್ಚರ. ಮನೆ ಮನೆಗೆ ಹೋಗಿ ಜಾಬ್ ಕಾರ್ಡ್, ಪಾಸ್‌ಬುಕ್, ಮಸ್ಟರ್ ರೋಲ್ ಮೂರನ್ನೂ ಒಟ್ಟಿಗಿಟ್ಟು ಕೂಲಿಕಾರರ ಬಾಯಿಂದ ದಿನ ಎಣಿಸುತ್ತಾರೆ. ಕೃಷಿ ಹೊಂಡ, ಬದು, ಕೆರೆ ಹೂಳಿನ ಕೆಲಸವಾದರೆ ಸ್ಥಳಕ್ಕೆ ಹೋಗಿ ಟೇಪು ಹಿಡಿದು ಉದ್ದ, ಅಗಲ, ಆಳ ಅಳೆದು ಅಳತೆ ಪುಸ್ತಕದೊಂದಿಗೆ ಹೋಲಿಸುತ್ತಾರೆ. ಹೇಳಿಕೆಗೆ ಸಹಿ ಅಥವಾ ಹೆಬ್ಬೆಟ್ಟು ಪಡೆಯುತ್ತಾರೆ. ಕೊನೆಗೆ ಗ್ರಾಮ ಸಭೆಯಲ್ಲಿ ಎಲ್ಲವನ್ನೂ ಓದುತ್ತಾರೆ. ಆಂಧ್ರದಲ್ಲಿ ಇದರ ಮೇಲೆ ಇನ್ನೊಂದು ಮೆಟ್ಟಿಲಿತ್ತು: ಮಂಡಲ (ತಾಲ್ಲೂಕಿನಂಥ ವಿಭಾಗ) ಕೇಂದ್ರದಲ್ಲಿ ಜಿಲ್ಲಾ ಅಧಿಕಾರಿಗಳನ್ನು ಕೂರಿಸಿಕೊಂಡು ದಿನವಿಡೀ ಸಾರ್ವಜನಿಕ ವಿಚಾರಣೆ. ಊರಿನಲ್ಲಿ ಕಾಮಗಾರಿ ನೋಡಿಕೊಳ್ಳುವ ಕ್ಷೇತ್ರ ಸಹಾಯಕನನ್ನು ಅಲ್ಲೇ ಎದ್ದು ನಿಲ್ಲಿಸಿ ಉತ್ತರ ಕೇಳುತ್ತಿದ್ದರು.

ಎಡವುವ ಜಾಗಗಳೂ ಈ ಕ್ರಮದ ಒಳಗೇ ಇವೆ. ದಾಖಲೆ 15 ದಿನ ಮೊದಲು ಬರುವುದಿಲ್ಲ. ಸಭೆಯ ಹಿಂದಿನ ದಿನ ಬರುತ್ತದೆ, ವೋಚರ್‌ಗಳು ‘ತಾಲ್ಲೂಕಿನಲ್ಲಿವೆ’. ಗ್ರಾಮ ಸಭೆಗೆ ಡಂಗುರ ಸಾರುವುದಿಲ್ಲ, ಕೂಲಿಕಾರರು ಹೊಲದಲ್ಲಿರುವ ಹೊತ್ತಿಗೆ ಸಭೆ ಇಡುತ್ತಾರೆ. ಘಟಕದ ದುಡ್ಡು ತಡವಾದರೆ ಸಂಪನ್ಮೂಲ ವ್ಯಕ್ತಿಗೆ ತಿಂಗಳುಗಟ್ಟಲೆ ಗೌರವಧನವಿಲ್ಲ. ಅಂಥ ಸ್ಥಿತಿಯಲ್ಲಿ ತಂಡಕ್ಕೆ ಊಟ, ಇರಲು ಜಾಗ ಕೊಡುವುದು ಯಾರನ್ನು ಪರೀಕ್ಷಿಸಲು ಬಂದಿದ್ದಾರೋ ಅದೇ ಪಂಚಾಯಿತಿ. ಉಂಡ ಮನೆಯ ಲೆಕ್ಕ ಬರೆಯುವ ಕೈ ನಡುಗದೆ ಇದ್ದೀತೇ? ಹೀಗಾಗಿಯೇ ಹಣದ ಹಾದಿ ಸಣ್ಣ ವಿವರವಲ್ಲ. ಶೇ 0.5 ಎಂಬ ಅಂಕಿ ಪುಸ್ತಕದಲ್ಲಿದ್ದರೆ ಸಾಲದು, ಅದು ಇಲಾಖೆಯ ಖಜಾನೆ ಮೂಲಕ ಬರುತ್ತದೋ ನೇರವಾಗಿ ಘಟಕದ ಖಾತೆಗೆ ಬರುತ್ತದೋ ಎಂಬುದರ ಮೇಲೆ ಸ್ವಾತಂತ್ರ್ಯ ನಿಂತಿದೆ.

ಇಷ್ಟೆಲ್ಲ ಸರಿ ನಡೆದ ಆಂಧ್ರದಲ್ಲಿ ಏನಾಯಿತು? ಅರ್ಥಶಾಸ್ತ್ರಜ್ಞರಾದ ಫರ್ಜಾನಾ ಅಫ್ರಿದಿ ಮತ್ತು ವೇಗಾರ್ಡ್ ಐವರ್ಸನ್ 2006ರಿಂದ 2010ರವರೆಗಿನ, 300 ಪಂಚಾಯಿತಿಗಳ ಪರಿಶೋಧನಾ ವರದಿಗಳನ್ನು ಜಾಲಾಡಿದರು. ಪರಿಶೋಧನೆ ಮತ್ತೆ ಮತ್ತೆ ನಡೆದರೂ ಅಕ್ರಮಗಳ ಒಟ್ಟು ಸಂಖ್ಯೆ ಗಮನಾರ್ಹವಾಗಿ ಇಳಿದಿರಲಿಲ್ಲ. ಅಕ್ರಮದ ಬಗೆ ಮಾತ್ರ ಬದಲಾಗಿತ್ತು. ಸುಲಭವಾಗಿ ಸಿಕ್ಕಿಬೀಳುವ ಕೂಲಿಯ ಮೋಸದಿಂದ ಹಿಡಿಯಲು ಕಷ್ಟವಾದ ಸಾಮಗ್ರಿಯ ಮೋಸದ ಕಡೆಗೆ ಅದು ಸರಿದಿತ್ತು. ಕಾರಣ ಸರಳ. ತಾನು ಎಷ್ಟು ದಿನ ಕೆಲಸಕ್ಕೆ ಹೋದೆ ಎಂಬುದು ಕೂಲಿ ಮಾಡಿದವಳಿಗೆ ಗೊತ್ತು. ಮೋರಿಯ ಗೋಡೆಗೆ ಎಷ್ಟು ಚೀಲ ಸಿಮೆಂಟು ಹೋಯಿತು, ಕಲ್ಲಿನ ಟ್ರ್ಯಾಕ್ಟರ್ ನಿಜಕ್ಕೂ ಎಷ್ಟು ಲೋಡ್ ಬಂತು ಎಂಬುದು ಅವಳಿಗೆ ಗೊತ್ತಾಗುವ ಬಗೆಯಿಲ್ಲ. ಜನರ ನೆನಪನ್ನು ಆಧರಿಸಿದ ವಿಧಾನ ಜನರ ನೆನಪಿನಲ್ಲಿ ಇಲ್ಲದ್ದನ್ನು ಹಿಡಿಯಲಾರದು. ಅದಕ್ಕೆ ತಂಡದಲ್ಲಿ ಎಂಜಿನಿಯರ್ ಬೇಕು, ಸರಬರಾಜುದಾರನ ಬಿಲ್ಲಿನ ಅಡ್ಡ ಪರಿಶೀಲನೆ ಬೇಕು.

ಅದಕ್ಕಿಂತ ದೊಡ್ಡ ಕಾರಣ ಶಿಕ್ಷೆಯದು. ತಪ್ಪು ಕಂಡುಹಿಡಿಯುವ ಕೆಲಸ ಹೋರಾಟಗಾರರ ಕೈಗೆ ಬಂತು, ವಸೂಲಿ, ಅಮಾನತು, ಮೊಕದ್ದಮೆಯ ಸಹಿ ಇಲಾಖೆಯಲ್ಲೇ ಉಳಿಯಿತು. ಕೆಲಸ ಕಳೆದುಕೊಂಡವರು ಹೆಚ್ಚಾಗಿ ಗುತ್ತಿಗೆಯ ಕ್ಷೇತ್ರ ಸಹಾಯಕರು. ಮೇಲಿನ ಕಾಯಂ ನೌಕರರ ವಿಚಾರಣೆ ವರ್ಷಗಟ್ಟಲೆ ಎಳೆಯಿತು, ದುರುಪಯೋಗವಾದ ಮೊತ್ತದ ಬಹುಪಾಲು ವಾಪಸ್ ಬರಲಿಲ್ಲ. ಊರ ಮುಂದೆ ಹೆಸರು ಹೇಳಿದ ಹೆಂಗಸು ಆರು ತಿಂಗಳ ನಂತರದ ಸಭೆಯಲ್ಲಿ ಅದೇ ಮನುಷ್ಯನನ್ನು ಅದೇ ಕುರ್ಚಿಯಲ್ಲಿ ಕಂಡರೆ ಮೂರನೆಯ ಸಭೆಗೆ ಯಾಕೆ ಬರುತ್ತಾಳೆ? ನಮ್ಮಲ್ಲಿ ಗ್ರಾಮ ಸಭೆಗಳು ಖಾಲಿಯಾಗುವುದನ್ನು ಜನರ ನಿರಾಸಕ್ತಿ ಎಂದು ಬರೆಯುವವರು ಈ ಕ್ರಮ ವರದಿಯ ಕಡತವನ್ನು ಒಮ್ಮೆ ತೆರೆದು ನೋಡಬೇಕು.

ರಾಜಸ್ಥಾನದಲ್ಲಿ ಇನ್ನೊಂದು ಬಗೆಯ ತೊಡಕು ಎದ್ದಿತು. 2009ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಸಂಘಟನೆಯವರನ್ನು ಕರೆದು ಭಿಲ್ವಾಡಾ ಜಿಲ್ಲೆಯ 11 ಪಂಚಾಯಿತಿಗಳಲ್ಲಿ ವಿಶೇಷ ಪರಿಶೋಧನೆ ನಡೆಸಿತು. ದೊಡ್ಡ ಅಕ್ರಮಗಳು ಹೊರಬಿದ್ದವು. ಇನ್ನಷ್ಟು ಜಿಲ್ಲೆಗಳಿಗೆ ಅದನ್ನು ವಿಸ್ತರಿಸಲು ಹೊರಟಾಗ ಸರಪಂಚರು ತಿರುಗಿಬಿದ್ದು ಹೈಕೋರ್ಟಿಗೆ ಹೋದರು. ಪರಿಶೋಧನೆ ನಡೆಸಬೇಕಾದದ್ದು ಗ್ರಾಮ ಸಭೆ, ಹೊರಗಿನ ಸಂಘಟನೆಗೆ ಅದನ್ನು ಕೊಡಲು 17ನೇ ಕಲಮಿನಲ್ಲಿ ಅವಕಾಶವಿಲ್ಲ ಎಂಬುದು ಅವರ ವಾದ. ಪರಿಶೋಧನೆ ನಿಂತಿತು. ಸರಪಂಚರಲ್ಲಿ ಹಲವರಿಗೆ ಹೆದರಿಕೆ ಇದ್ದದ್ದು ಲೆಕ್ಕದ ಬಗ್ಗೆಯೇ ಇರಬಹುದು. ಆದರೂ ಅವರ ವಾದವನ್ನು ತಳ್ಳಿಹಾಕುವುದು ತಪ್ಪು. ಊರಿನವರು ಆರಿಸಿದ ಸರಪಂಚನನ್ನು ರಾಜಧಾನಿಯ ಆದೇಶ ಹಿಡಿದು ಬಂದವರು ಪ್ರಶ್ನಿಸುವುದಕ್ಕೂ ಊರಿನವರೇ ಪ್ರಶ್ನಿಸಲು ನೆರವಾಗುವುದಕ್ಕೂ ವ್ಯತ್ಯಾಸವಿದೆ. 2011ರ ನಿಯಮಗಳಲ್ಲಿ ಘಟಕದ ಕೆಲಸ ಗ್ರಾಮ ಸಭೆಗೆ ‘ಅನುವು ಮಾಡಿಕೊಡುವುದು’ ಎಂದು ನಿಂತದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಇಲ್ಲಿಯವರೆಗೆ ಹೇಳಿದ್ದು ಹೆಸರಿದ್ದವರ ಮಾತು. ಕೆಳಗಿನ ಮೆಟ್ಟಿಲಲ್ಲಿ ಸರ್ಕಾರದ ಹೋರಾಟಗಾರ್ತಿಯರು ಇನ್ನೂ ಹೆಚ್ಚು ಬೆಲೆ ತೆತ್ತಿದ್ದಾರೆ. 1984ರಲ್ಲಿ ರಾಜಸ್ಥಾನ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಅಡಿ ಹಳ್ಳಿಯ ಹೆಂಗಸರನ್ನು ‘ಸಾಥಿನ್’ ಎಂದು ನೇಮಿಸಿತು. ಬಾಲ್ಯವಿವಾಹ ತಡೆಯುವುದು, ಕೂಲಿಯ ಬಗ್ಗೆ ಮಾತಾಡುವುದು ಅವರ ಕೆಲಸ. ಗೌರವಧನ ಪುಡಿಗಾಸು, ನೌಕರರೆಂಬ ಮನ್ನಣೆ ಇಲ್ಲ. 1992ರಲ್ಲಿ ಭಟೇರಿ ಗ್ರಾಮದ ಸಾಥಿನ್ ಒಬ್ಬರು ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಸರ್ಕಾರ ಒಪ್ಪಿಸಿದ ಕೆಲಸವನ್ನೇ ಮಾಡಿದ ಹೆಂಗಸನ್ನು ಸರ್ಕಾರ ಕಾಯಲಿಲ್ಲ. ಹೊರಗಿದ್ದ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 1997ರ ಆಗಸ್ಟ್‌ನಲ್ಲಿ ವಿಶಾಖಾ ತೀರ್ಪು ಬಂತು. ಇಂದು ಕಚೇರಿಗಳಲ್ಲಿ ಲೈಂಗಿಕ ಕಿರುಕುಳ ದೂರು ಸಮಿತಿ ಇರುವುದು ಅದರ ಫಲ.

ಕರ್ನಾಟಕದ್ದೇ ಉದಾಹರಣೆ ಹಳ್ಳಿಯ ಹೆಂಗಸರ ಸಂಘಗಳನ್ನು ಕಟ್ಟಿದ ಮಹಿಳಾ ಸಮಖ್ಯಾ ಕಾರ್ಯಕ್ರಮ. ಕೇಂದ್ರ ಶಿಕ್ಷಣ ಇಲಾಖೆ 1980ರ ದಶಕದ ಕೊನೆಯಲ್ಲಿ ಮೊದಲು ಆರಂಭಿಸಿದ ಮೂರು ರಾಜ್ಯಗಳಲ್ಲಿ ನಮ್ಮದೂ ಒಂದು. ಇಲ್ಲಿ ಅದನ್ನು ಕಟ್ಟಿದ ಶ್ರೀಲತಾ ಬಾಟ್ಲಿವಾಲಾ ಮಹಿಳಾ ಚಳವಳಿಯಿಂದ ಬಂದವರು. ಇಲಾಖೆಯ ಕಚೇರಿಯಾಗಿ ನಡೆಸದೆ ನೋಂದಾಯಿತ ಸೊಸೈಟಿ ಮಾಡಿದ್ದರಿಂದ ಸಂಘದ ಹೆಂಗಸರು ಏನು ಚರ್ಚಿಸಬೇಕೆಂದು ತಾವೇ ಗೊತ್ತುಮಾಡುವಷ್ಟು ಸಡಿಲ ಸಿಕ್ಕಿತು. ಸಂಖ್ಯೆಯ ಗುರಿ ಮುಟ್ಟುವ ಓಟ ಅದರಲ್ಲಿ ಇರಲಿಲ್ಲ. ಆದರೆ ಆ ಸಡಿಲವೇ ಅದರ ದೌರ್ಬಲ್ಯವೂ ಹೌದು. ಸೊಸೈಟಿಗೆ ಕಾಯ್ದೆಯ ಆಸರೆ ಇರಲಿಲ್ಲ. 2010ರ ದಶಕದ ನಡುವಿನಲ್ಲಿ ಕೇಂದ್ರದ ಅನುದಾನ ನಿಂತಾಗ ಕಾರ್ಯಕ್ರಮವೂ ಮುಗಿಯಿತು.

ಬ್ರೆಜಿಲ್ ಈ ಪಾಠವನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಕಲಿತಿದೆ. 2003ರಿಂದ ವರ್ಕರ್ಸ್ ಪಾರ್ಟಿ ಸರ್ಕಾರದಲ್ಲಿ ಚಳವಳಿಗಳಿಂದ ಬಂದ ನೂರಾರು ಜನ ಸಚಿವಾಲಯಗಳಿಗೂ ಜನರು ಭಾಗವಹಿಸುವ ಮಂಡಳಿಗಳಿಗೂ ಸೇರಿದರು. 2019ರ ಜನವರಿ 1ರಂದು ಅಧಿಕಾರಕ್ಕೆ ಬಂದ ಜೈರ್ ಬೋಲ್ಸನಾರೊ ಮೊದಲ ದಿನವೇ ಆಹಾರ ಭದ್ರತಾ ಮಂಡಳಿಯ ಕತ್ತು ಹಿಸುಕಿದರು. ಏಪ್ರಿಲ್‌ನಲ್ಲಿ ಒಂದೇ ಆದೇಶದಿಂದ ರಾಶಿ ಮಂಡಳಿಗಳನ್ನು ರದ್ದುಮಾಡಹೊರಟರು. ಸುಪ್ರೀಂ ಕೋರ್ಟ್ ಜೂನ್‌ನಲ್ಲಿ ಭಾಗಶಃ ತಡೆಯಿತು: ಸಂಸತ್ತಿನ ಕಾಯ್ದೆಯಲ್ಲಿ ಹೆಸರಿದ್ದ ಮಂಡಳಿಗಳನ್ನು ಅಧ್ಯಕ್ಷರ ಆದೇಶದಿಂದ ಮುಚ್ಚುವಂತಿಲ್ಲ. ಬರೀ ಆದೇಶದಿಂದ ಹುಟ್ಟಿದವುಗಳಿಗೆ ಆ ರಕ್ಷಣೆ ಸಿಗಲಿಲ್ಲ.

ನಮ್ಮಲ್ಲೂ ಅದೇ ಗೆರೆ ಕಾಣುತ್ತದೆ. ಮಾಹಿತಿ ಹಕ್ಕು ಕಾರ್ಯಕರ್ತ ಶೈಲೇಶ್ ಗಾಂಧಿ 2008ರಿಂದ 2012ರವರೆಗೆ ಕೇಂದ್ರ ಮಾಹಿತಿ ಆಯುಕ್ತರಾಗಿ ಇಲಾಖೆಗಳಿಗೆ ಹಿಡಿಸದ ಆದೇಶಗಳನ್ನು ಧೈರ್ಯವಾಗಿ ಕೊಟ್ಟರು. ಅವಧಿ ಮತ್ತು ಸಂಬಳ ಆಗ ಕಾಯ್ದೆಯಲ್ಲೇ ಬರೆದಿತ್ತು. 2019ರ ತಿದ್ದುಪಡಿ ಅವೆರಡನ್ನೂ ಕೇಂದ್ರ ಸರ್ಕಾರದ ನಿಯಮಕ್ಕೆ ಬಿಟ್ಟಿತು, ಐದು ವರ್ಷದ ಅವಧಿ ಮೂರಕ್ಕೆ ಇಳಿಯಿತು. ಇನ್ನು ಯಾವುದೇ ಮಸೂದೆಯನ್ನು 30 ದಿನ ಸಾರ್ವಜನಿಕರ ಮುಂದಿಡಬೇಕೆಂದು ಸಲಹಾ ಮಂಡಳಿ ಒತ್ತಾಯಿಸಿ, 2014ರ ಆರಂಭದಲ್ಲಿ ಸರ್ಕಾರ ಒಪ್ಪಿದ ಪೂರ್ವ ಸಮಾಲೋಚನಾ ನೀತಿ ಬರೀ ನೀತಿಯಾಗಿಯೇ ಉಳಿಯಿತು. ಮೀರಿದರೆ ಕೇಳುವವರಿಲ್ಲ. ಮೇಘಾಲಯ ಮಾತ್ರ 2017ರಲ್ಲಿ ಸಾಮಾಜಿಕ ಪರಿಶೋಧನೆಗೇ ಪ್ರತ್ಯೇಕ ಕಾಯ್ದೆ ಮಾಡಿತು, ಅದೂ ಒಂದು ಯೋಜನೆಗಲ್ಲ, ಹಲವು ಇಲಾಖೆಗಳಿಗೆ.

ಚಳವಳಿ ಹೊರಗೆ ಕಳೆದುಕೊಳ್ಳುವುದನ್ನೂ ಲೆಕ್ಕ ಹಾಕಬೇಕು. ಹತ್ತು ವರ್ಷ ಹಳ್ಳಿ ಸುತ್ತಿ ಪಳಗಿದ ಕಾರ್ಯಕರ್ತೆ ಘಟಕಕ್ಕೆ ಸೇರಿದರೆ ತಾಲ್ಲೂಕಿನ ಕೂಲಿಕಾರರ ಸಂಘಟನೆಗೆ ಅವಳ ಜಾಗ ತುಂಬುವವರು ಬೇಗ ಸಿಗುವುದಿಲ್ಲ. ಒಳಗೆ ಹೋದವಳಿಗೆ ನಡತೆ ನಿಯಮ ಅಂಟುತ್ತದೆ, ಪತ್ರಿಕೆಗೆ ಮಾತಾಡುವಂತಿಲ್ಲ. ಹೊರಗಿನ ಗೆಳೆಯರಿಗೆ ಅವಳ ಮೇಲೆ ದೂರು ಕೊಡುವುದು ಕಷ್ಟ, ಕೊಡದಿರುವುದೂ ಕಷ್ಟ. ಆಂಧ್ರದ ಪ್ರಯೋಗದಲ್ಲಿ ನಮಗೆ ಹೆಚ್ಚು ಕಾಡುವ ಸಂಗತಿ ಇದೇ. ರಾಜಸ್ಥಾನದಲ್ಲಿ ಜನ ಸಂಘಟಿತರಾಗಿ ಲೆಕ್ಕ ಕೇಳಿದರು, ಆಂಧ್ರದಲ್ಲಿ ಸರ್ಕಾರ ಲೆಕ್ಕ ಕೇಳಲು ಜನರನ್ನು ಕರೆಯಿತು. ಕರೆದವರು ನಾಳೆ ಕರೆಯದಿದ್ದರೆ ತಾವಾಗಿ ಬರುವ ಸಂಘಟನೆ ಎಷ್ಟು ಮಂಡಲಗಳಲ್ಲಿ ಬೆಳೆದಿತ್ತು?

2025ರ ಡಿಸೆಂಬರ್‌ನಲ್ಲಿ ಆ ಪ್ರಶ್ನೆ ಇಡೀ ದೇಶದ ಮುಂದೆ ಬಂತು. ಉದ್ಯೋಗ ಖಾತ್ರಿ ಕಾಯ್ದೆಯ ಜಾಗಕ್ಕೆ ಹೊಸ ಮಸೂದೆ ಬಂದು, ಸ್ಥಾಯಿ ಸಮಿತಿಗೂ ಹೋಗದೆ, ಅದೇ ಚಳಿಗಾಲದ ಅಧಿವೇಶನದಲ್ಲಿ ಎರಡೂ ಸದನಗಳಲ್ಲಿ ಅಂಗೀಕಾರವಾಯಿತು. ದಿನಗಳ ಸಂಖ್ಯೆ 125ಕ್ಕೆ ಏರಿತು, ಹೆಚ್ಚಿನ ರಾಜ್ಯಗಳಿಗೆ ವೆಚ್ಚದ ಶೇ 40ರಷ್ಟು ಹೊರೆ ಬಿತ್ತು. ಹೊಸ ಕಾಯ್ದೆಗೆ ರಾಜ್ಯಗಳು ತಮ್ಮದೇ ಯೋಜನೆ ರೂಪಿಸಬೇಕು. ಕರ್ನಾಟಕದ ಕರಡು ಕೈಗೆ ಸಿಕ್ಕಾಗ ಕೂಲಿಕಾರರ ಸಂಘಟನೆಗಳು ಮೊದಲು ಹುಡುಕಬೇಕಾದ ಸಾಲುಗಳು ಇವು: ಪರಿಶೋಧನಾ ನಿರ್ದೇಶಕರನ್ನು ಆರಿಸುವ ಸಮಿತಿಯಲ್ಲಿ ಇಲಾಖೆಯ ಹೊರಗಿನವರು ಎಷ್ಟು ಜನ, ಅವಧಿ ಮುಗಿಯುವ ಮೊದಲು ಅವರನ್ನು ತೆಗೆಯಲು ಕಾರಣ ಬರೆಯಬೇಕೋ ಬೇಡವೋ, ಪರಿಶೋಧನೆಯ ಹಣ ಯಾವ ಖಾತೆಗೆ ಯಾವ ತಿಂಗಳು ಬರುತ್ತದೆ, ಗ್ರಾಮ ಸಭೆ ದಾಖಲಿಸಿದ ಆಕ್ಷೇಪಕ್ಕೆ ಎಷ್ಟು ದಿನದೊಳಗೆ ಉತ್ತರ ಕೊಡಬೇಕು, ಕೊಡದ ಅಧಿಕಾರಿಗೆ ದಂಡ ಎಷ್ಟು, ಆ ಉತ್ತರವನ್ನು ಮುಂದಿನ ಗ್ರಾಮ ಸಭೆಯಲ್ಲಿ ಯಾರು ಎದ್ದು ನಿಂತು ಓದಬೇಕು.